ಮಂಜೇಶ್ವರ ಕಲಿಸುವ ಪಾಠ

ಬೆಳ್ಳಾವಿ ಹೆಸರಿನ ವಿಧಾನಸಭಾ ಕ್ಷೇತ್ರ ಈಗಿಲ್ಲ. 2008ರ ಪುನರ್ವಿಂಗಡಣೆಯಲ್ಲಿ ಅದು ರದ್ದಾಯಿತು. ನಮ್ಮೂರಿನವರು ಒಂದಷ್ಟು ದಿನ ಬೇಸರಪಟ್ಟು ಸುಮ್ಮನಾದೆವು. ಹೋದದ್ದು ಹೆಸರು ಮಾತ್ರ. ಆಡಳಿತದ ಭಾಷೆಯಾಗಲಿ ಮಕ್ಕಳ ಶಾಲೆಯಾಗಲಿ ಬದಲಾಗಲಿಲ್ಲ. ಆದರೆ 1956ರ ನವೆಂಬರ್ 1ರಂದು ಕಾಸರಗೋಡಿನ ಕನ್ನಡಿಗರ ಪಾಲಿಗೆ ಇವೆರಡೂ ಅನಿಶ್ಚಿತವಾದವು.

ಅವರು ಉತ್ತರ ಕೊಟ್ಟದ್ದು ಮತಪೆಟ್ಟಿಗೆಯ ಮೂಲಕ. 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಕೇರಳ ವಿಧಾನಸಭೆಗೆ ಅವಿರೋಧವಾಗಿ ಆಯ್ಕೆಯಾದರು. ಅನಂತರ ಕಳ್ಳಿಗೆ ಮಹಾಬಲ ಭಂಡಾರಿ 1960, 1965 ಮತ್ತು 1967ರಲ್ಲಿ ಗೆದ್ದರು. ಅವರ ಬೇಡಿಕೆ ಒಂದೇ: ಕರ್ನಾಟಕದೊಂದಿಗೆ ವಿಲೀನ. 1967ರಲ್ಲಿಯೇ ಮಹಾಜನ್ ಆಯೋಗ ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಆದರೆ ಅದೇ ವರದಿ ಬೆಳಗಾವಿ ನಗರವನ್ನು ಮೈಸೂರಿನಲ್ಲಿಯೇ ಉಳಿಸಿದ್ದರಿಂದ ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, ಕೇರಳವೂ ಒಪ್ಪಲಿಲ್ಲ. ಕೇಂದ್ರ ಸರ್ಕಾರ ವರದಿಯನ್ನು ಜಾರಿಗೊಳಿಸಲಿಲ್ಲ. ಕಡತಗಳ ನಡುವೆಯೇ ವೃತ್ತಿಜೀವನ ಕಳೆದ ನಾನು ಬಲ್ಲೆ: ತಿರಸ್ಕರಿಸಿದ ಅರ್ಜಿಗೆ ಮೇಲ್ಮನವಿ ಉಂಟು, ಬಾಕಿ ಇರಿಸಿದ ಅರ್ಜಿಗೆ ಇಲ್ಲ. 1970ರ ಚುನಾವಣೆಯಲ್ಲಿ ಮಂಜೇಶ್ವರ ಕಮ್ಯುನಿಸ್ಟ್ ಪಕ್ಷದ ಪಾಲಾಯಿತು.

ಅದೇ 1967ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಉಪಚುನಾವಣೆಯಲ್ಲಿ ಸ್ಕಾಟಿಷ್ ನ್ಯಾಷನಲ್ ಪಕ್ಷದ ವಿನ್ನಿ ಯೂಯಿಂಗ್ ಗೆದ್ದು ಬ್ರಿಟಿಷ್ ಸಂಸತ್ತನ್ನು ಪ್ರವೇಶಿಸಿದರು. ಆಕೆಯೂ 1970ರಲ್ಲಿ ಸೋತರು. ಆದರೆ 1974ರಲ್ಲಿ ಬೇರೆ ಕ್ಷೇತ್ರದಿಂದ ಮರಳಿದರು. 1979ರಿಂದ ಎರಡು ದಶಕ ಯುರೋಪಿಯನ್ ಪಾರ್ಲಿಮೆಂಟಿನಲ್ಲಿದ್ದು, 1999ರಲ್ಲಿ ಸ್ಕಾಟಿಷ್ ಪಾರ್ಲಿಮೆಂಟಿನ ಮೊದಲ ಅಧಿವೇಶನವನ್ನು ಹಿರಿಯ ಸದಸ್ಯೆಯಾಗಿ ಉದ್ಘಾಟಿಸಿದರು. 2014ರ ಜನಮತಗಣನೆಯಲ್ಲಿ ಸ್ವಾತಂತ್ರ್ಯದ ಪರ ಬಿದ್ದದ್ದು ಶೇಕಡ 45 ಮತ. ಅವರು ಸೋತರು ನಿಜ. ಆದರೆ ಅವರನ್ನು ಕೇಳಲಾಗಿತ್ತು. ಕಾಸರಗೋಡಿನವರನ್ನು ಹಾಗೆ ಯಾರೂ ಕೇಳಲಿಲ್ಲ.

ಈ ಹೋಲಿಕೆಗೆ ಮಿತಿಯಿದೆ. ಸ್ಕಾಟ್ಲೆಂಡ್ ಒಂದು ಹಳೆಯ ರಾಷ್ಟ್ರ. ಮಂಜೇಶ್ವರ ಒಂದು ಕ್ಷೇತ್ರ. ಸ್ಕಾಟಿಷ್ ಪಕ್ಷಕ್ಕೆ ತೈಲ, ತೆರಿಗೆ, ಮೀನುಗಾರಿಕೆಯ ಕುರಿತೂ ಹೇಳಲು ಮಾತಿತ್ತು. ಭಂಡಾರಿಯವರ ಏಕೈಕ ಬೇಡಿಕೆಯ ಕೀಲಿಕೈಯೋ ದೆಹಲಿಯಲ್ಲಿತ್ತು. ತೀರ್ಮಾನ ಮುಂದೆ ಹೋದಂತೆಲ್ಲ ಮತದಾರ ರಸ್ತೆ, ನೀರು, ಉದ್ಯೋಗ ಕೊಡಬಲ್ಲವರತ್ತ ಹೊರಳಿದ್ದು ಸಹಜ. ಅದನ್ನು ಭಾಷಾಭಿಮಾನದ ಕೊರತೆ ಎನ್ನುವುದು ಅನ್ಯಾಯ.

ಗಡಿರೇಖೆ ಬದಲಾಗುವ ಕಾಲ ಬಹುಶಃ ಕಳೆದುಹೋಗಿದೆ. ಆದರೆ 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನ ಕನ್ನಡಿಗರು ಮತ್ತೆ ಬೀದಿಗಿಳಿಯಬೇಕಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ನವೆಂಬರ್ ಬಂದಾಗ ಕಾಸರಗೋಡು ನಮ್ಮದೆಂದು ಘೋಷಿಸುವ ನಾವು, ಅಲ್ಲಿನ ಕನ್ನಡ ತರಗತಿಗೆ ಕನ್ನಡ ಬಲ್ಲ ಶಿಕ್ಷಕರು ದೊರೆಯುವಂತೆ ಕೇರಳದೊಡನೆ ವರ್ಷವಿಡೀ ಮಾತನಾಡುವ ಸರ್ಕಾರವನ್ನು ಬೆಂಗಳೂರಿನಲ್ಲಿ ಕೇಳಬೇಕು. ಜೊತೆಗೆ, ನಮ್ಮ ಗಡಿ ತಾಲ್ಲೂಕುಗಳ ಮರಾಠಿ, ತೆಲುಗು, ತಮಿಳು ಮಕ್ಕಳಿಗೂ ಅದೇ ಹಕ್ಕಿದೆ ಎಂಬುದನ್ನು ಒಪ್ಪಬೇಕು. ಆಗ ಮಾತ್ರ ನಮ್ಮ ಮಾತಿಗೆ ತೂಕ ಬಂದೀತು.