ಇ-ಕಲಿಕೆ ಬರಲಿ, ಹೊಲದ ಪಾಠ ಉಳಿಯಲಿ

ಕಂಪ್ಯೂಟರ್ ಹಾಗೂ ಮೊಬೈಲ್ ಮೂಲಕ ಪಾಠ ಹೇಳುವ ಪದ್ಧತಿಗೆ ಇ-ಕಲಿಕೆ ಎನ್ನುತ್ತಾರೆ. ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಇದನ್ನು ಅಳವಡಿಸಿಕೊಳ್ಳುವ ಮಾತು ಬಂದಾಗ, ‘ಇದು ಕಾಲೇಜಿನವರ ವಿಚಾರ, ನಮಗೇನು ಸಂಬಂಧ?’ ಎಂದು ರೈತ ಬಾಂಧವರು ಕೇಳಬಹುದು. ಸಂಬಂಧ ನೇರವಾಗಿಯೇ ಇದೆ. ಇಂದು ಕೃಷಿ ಪದವಿ ಓದುತ್ತಿರುವವರೇ ನಾಳೆ ಕೃಷಿ ಅಧಿಕಾರಿಗಳಾಗಿ ನಿಮ್ಮ ಹೊಲಕ್ಕೆ ಬರುವವರು. ಅವರ ಕಲಿಕೆಯಲ್ಲಿ ಕೊರತೆಯಾದರೆ ನಷ್ಟ ನಿಮ್ಮ ಬೆಳೆಗೆ.

ದೂರದಿಂದ ಪಾಠ ಹೇಳುವ ಪ್ರಯತ್ನ ನಮ್ಮ ದೇಶಕ್ಕೆ ಹೊಸದೇನಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಬೇಸಾಯ, ಆರೋಗ್ಯ ಮತ್ತು ಶಿಕ್ಷಣದ ದೂರದರ್ಶನ ಕಾರ್ಯಕ್ರಮಗಳನ್ನು ಉಪಗ್ರಹದ ಮೂಲಕ ತಲುಪಿಸಲಾಯಿತು. ಉಪಗ್ರಹವು ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ದೊರೆತದ್ದಾಗಿದ್ದರಿಂದ ಅವಧಿ ಮುಗಿದೊಡನೆ ಪ್ರಯೋಗವೂ ಮುಗಿಯಿತು. ಮುಂದೆ, 2006ರಿಂದ 2014ರವರೆಗೆ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ರಾಷ್ಟ್ರೀಯ ಕೃಷಿ ಯೋಜನೆಯೊಂದರಲ್ಲಿ ಪದವಿ ತರಗತಿಗಳಿಗೆ ಇ-ಪಾಠಗಳನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸಲಾಯಿತು. 2020ರಲ್ಲಿ ಕೊರೊನಾದಿಂದ ಕಾಲೇಜುಗಳು ಮುಚ್ಚಿದಾಗ ಪಾಠವೆಲ್ಲ ಮೊಬೈಲಿಗೆ ಬಂದಿತು. ಊರಿಗೆ ಮರಳಿದ ಮಲೆನಾಡಿನ ವಿದ್ಯಾರ್ಥಿಗಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕಾಯಿತು.

ಇ-ಕಲಿಕೆಯಿಂದ ಪ್ರಯೋಜನವಿದೆ ಎಂಬುದರಲ್ಲಿ ಸಂದೇಹವಿಲ್ಲ. ಸಾರಜನಕದ ಕೊರತೆಯಾದರೆ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣದ ಕೊರತೆಯಾದರೆ ಎಳೆಯ ಎಲೆಗಳಲ್ಲಿ ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಈ ವ್ಯತ್ಯಾಸವನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ತೋರಿಸುವುದು ಕಷ್ಟ. ಬಣ್ಣದ ಚಿತ್ರವನ್ನು ಹತ್ತು ಸಲ ನೋಡಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಆದರೆ ಎಲ್ಲವನ್ನೂ ಪರದೆ ಕಲಿಸಲಾರದು. ಮಣ್ಣಿನ ಮಾದರಿಗೆ ‘ವಿ’ ಆಕಾರದಲ್ಲಿ 15 ಸೆಂ.ಮೀ. ಆಳ ಗುಂಡಿ ತೋಡಬೇಕು. ಬದು, ಮರದ ನೆರಳು, ತಿಪ್ಪೆಯ ಸಮೀಪ ಮಾದರಿ ತೆಗೆಯಬಾರದು. ಇದನ್ನು ಮೊಬೈಲಿನಲ್ಲಿ ಕೇಳಿ ಪರೀಕ್ಷೆಯಲ್ಲಿ ಬರೆಯಬಹುದು. ಏರುತಗ್ಗಿನ ಹೊಲದಲ್ಲಿ ಎಲ್ಲೆಲ್ಲಿ ಗುದ್ದಲಿ ಹಾಕಬೇಕೆಂಬುದು ಮಾತ್ರ ಹೊಲದಲ್ಲಿ ನಡೆದವನಿಗೇ ತಿಳಿಯುವುದು. ಬಿತ್ತನೆಗೆ ನೆಲ ಹದವಾಗಿದೆಯೇ ಎಂಬುದನ್ನು ಹಿಡಿ ಮಣ್ಣು ಹೇಳಬೇಕೇ ಹೊರತು ಚಿತ್ರವಲ್ಲ.

ಆದುದರಿಂದ ಇ-ಕಲಿಕೆಯಿಂದ ತರಗತಿಯಲ್ಲಿ ಉಳಿಯುವ ಸಮಯವೆಲ್ಲ ಹೊಲಕ್ಕೇ ಸಲ್ಲಬೇಕು. ಪಾಠ ಮೊಬೈಲಿನಲ್ಲಿ ಸಿಗುತ್ತದೆಂದು ಪ್ರಾಯೋಗಿಕ ತರಗತಿಗಳನ್ನು ಮೊಟಕುಗೊಳಿಸುವುದಾಗಲಿ, ಅಧ್ಯಾಪಕರ ಹುದ್ದೆಗಳನ್ನು ಖಾಲಿ ಬಿಡುವುದಾಗಲಿ ಸಲ್ಲದು. ಹಾಗೆ ಮಾಡಿದರೆ ಉಳಿಯುವುದು ಹಣ ಮಾತ್ರ, ವಿದ್ಯೆಯಲ್ಲ.

ಇದನ್ನು ಜಾರಿಗೆ ತರುವಾಗ ಗಮನಿಸಬೇಕಾದ ಅಂಶಗಳು ಹೀಗಿವೆ:

1. ಪಾಠಗಳು ಚಿಕ್ಕದಾಗಿರಲಿ. ಸಿಗ್ನಲ್ ಇದ್ದಲ್ಲಿ ಇಳಿಸಿಕೊಂಡು, ಇಲ್ಲದಲ್ಲಿಯೂ ನೋಡುವಂತಿರಲಿ.

2. ಕನ್ನಡದಲ್ಲಿಯೂ ಪಾಠಗಳು ಬರಲಿ. ರೈತನೊಡನೆ ಕನ್ನಡದಲ್ಲಿ ಮಾತನಾಡಬೇಕಾದವರು ಇಂಗ್ಲಿಷಿನಲ್ಲಿ ಮಾತ್ರ ಕಲಿತರೆ, ತಿಳಿದದ್ದನ್ನು ಹೇಳಲು ತಡವರಿಸುತ್ತಾರೆ.

3. ಪ್ರತಿ ವರ್ಷ ಪಾಠಗಳನ್ನು ಪರಿಷ್ಕರಿಸಬೇಕು. ಎಂಡೋಸಲ್ಫಾನ್ ಬಳಕೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. ಅದಕ್ಕೂ ಮೊದಲು ದಾಖಲಾದ ಪಾಠ ಹಾಗೆಯೇ ಉಳಿದಿದ್ದರೆ ಅದು ಇಂದಿಗೂ ಅದೇ ಔಷಧಿಯನ್ನು ಶಿಫಾರಸು ಮಾಡುತ್ತಿರುತ್ತದೆ! ಅಧ್ಯಾಪಕರು ತಮ್ಮ ಮಾತು ತಿದ್ದಿಕೊಳ್ಳುತ್ತಾರೆ. ದಾಖಲಾದ ಪಾಠ ತಾನಾಗಿ ತಿದ್ದಿಕೊಳ್ಳದು.

4. ಇದಕ್ಕೆ ಬೇಕಾದ ಹಣವನ್ನು ವಿಶ್ವವಿದ್ಯಾನಿಲಯದ ವಾರ್ಷಿಕ ಆಯವ್ಯಯದಲ್ಲಿಯೇ ಒದಗಿಸಬೇಕು. ಹೊರಗಿನ ನೆರವು ನಿಂತಾಗ ಕೆಲಸವೂ ನಿಲ್ಲುವಂತಾಗಬಾರದು.

5. ಪಾಠಗಳು ರೈತರಿಗೂ ತೆರೆದಿರಲಿ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಅವನ್ನು ತೋರಿಸಿ, ಅಲ್ಲಿಯೇ ಪ್ರಾತ್ಯಕ್ಷಿಕೆ ಏರ್ಪಡಿಸಿದರೆ ನೋಡಿದ್ದನ್ನು ಮಾಡಿ ಕಲಿಯಲು ಅನುಕೂಲವಾಗುತ್ತದೆ.

ರೈತ ಬಾಂಧವರು ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಂತಹ ಪಾಠಗಳಿಗಾಗಿ ಒತ್ತಾಯಿಸಬೇಕು. ಅಂತಿಮ ವರ್ಷದ ವಿದ್ಯಾರ್ಥಿಗಳು ಕಾರ್ಯಾನುಭವಕ್ಕೆಂದು ನಿಮ್ಮ ಊರಿಗೆ ಬಂದಾಗ ಅವರನ್ನು ಹೊಲಕ್ಕೆ ಕರೆದೊಯ್ದು ಗುದ್ದಲಿಯನ್ನೂ ಅವರ ಕೈಗೆ ಕೊಡಿ.