ವಾಟ್ಸಾಪ್ ದಂಡ ಪ್ರಕರಣ: ‘ಬೇಡ’ ಎನ್ನುವ ಹಕ್ಕು ಗ್ರಾಹಕನಿಗೆ ಇದೆಯೇ?

ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ವ್ಯಾಪಾರಿಯ ಕೈ ಮೊಬೈಲಿಗೆ ಹೋಗುತ್ತದೆ. ಗಿರಾಕಿಯ ಸಾಮಾನಿನ ಪಟ್ಟಿ, ಸಗಟು ವ್ಯಾಪಾರಿಯ ದರ, ಲಾರಿ ರಸೀದಿಯ ಫೋಟೋ, ಹಣ ಜಮೆಯಾದ ವಿವರ ಎಲ್ಲವೂ ವಾಟ್ಸಾಪ್‌ನಲ್ಲೇ ಬರುತ್ತವೆ. ಮನೆಯಲ್ಲಿ ಮಕ್ಕಳ ಶಾಲೆಯ ಸೂಚನೆ, ಮದುವೆಯ ಕರೆಯೋಲೆ, ಸಾವಿನ ಸುದ್ದಿ ಬರುವುದೂ ಅಲ್ಲಿಂದಲೇ. ಬಸದಿಯ ಪೂಜಾ ಕಾರ್ಯಕ್ರಮ, ಮುನಿಸಂಘದ ವಿಹಾರದ ಮಾಹಿತಿ, ವಧು-ವರರ ವಿವರಗಳು ಕೂಡ ಸಮಾಜದ ಗುಂಪುಗಳ ಮೂಲಕ ಊರಿಂದ ಊರಿಗೆ ಹೋಗುತ್ತವೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕೊಟ್ಟ ಲೆಕ್ಕದಂತೆ, ಆಗಲೇ ಭಾರತದಲ್ಲಿ ವಾಟ್ಸಾಪ್ ಬಳಸುವವರ ಸಂಖ್ಯೆ 53 ಕೋಟಿ ಇತ್ತು.

ಇದಕ್ಕೆ ಜನಸಾಮಾನ್ಯರು ಒಂದು ಪೈಸೆಯನ್ನೂ ಕೊಡುವುದಿಲ್ಲ. ಲಾಭವಿಲ್ಲದೆ ಯಾರೂ ಇಷ್ಟು ದೊಡ್ಡ ಅಂಗಡಿ ನಡೆಸುವುದಿಲ್ಲ ಎಂಬುದನ್ನು ವ್ಯಾಪಾರ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾದರೆ ಈ ಸೇವೆಯ ಬೆಲೆಯನ್ನು ಯಾರು, ಯಾವ ರೂಪದಲ್ಲಿ ಕೊಡುತ್ತಿದ್ದಾರೆ? ವಾಟ್ಸಾಪ್‌ನ ಮಾಲೀಕ ಸಂಸ್ಥೆ ಮೆಟಾಗೆ ಭಾರತೀಯ ಸ್ಪರ್ಧಾ ಆಯೋಗ ವಿಧಿಸಿದ ದಂಡದ ಪ್ರಕರಣದಲ್ಲಿ ಈ ಪ್ರಶ್ನೆಗೆ ಸ್ವಲ್ಪಮಟ್ಟಿಗೆ ಉತ್ತರ ಸಿಗುತ್ತದೆ.

ಮಾತು ಬದಲಾದ ಬಗೆ

ವಾಟ್ಸಾಪ್ ಆರಂಭವಾದದ್ದು 2009ರಲ್ಲಿ. ಜಾಹೀರಾತು ಹಾಕುವುದಿಲ್ಲ ಎಂಬುದನ್ನೇ ಅದರ ಸ್ಥಾಪಕರು 2012ರಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದರು. 2014ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಸಂಸ್ಥೆ 1,900 ಕೋಟಿ ಡಾಲರ್ ಬೆಲೆಗೆ ಅದನ್ನು ಕೊಳ್ಳುವುದಾಗಿ ಪ್ರಕಟಿಸಿತು. ಎರಡೂ ಕಡೆಯ ಬಳಕೆದಾರರ ಖಾತೆಗಳನ್ನು ತಾಳೆ ಹಾಕಿ ಜೋಡಿಸುವುದು ಸಾಧ್ಯವಾಗದ ಕೆಲಸ ಎಂದು ಯೂರೋಪಿನ ಅಧಿಕಾರಿಗಳಿಗೆ ಫೇಸ್‌ಬುಕ್ ಆಗ ತಿಳಿಸಿತ್ತು.

ಎರಡೇ ವರ್ಷದಲ್ಲಿ ಆ ಮಾತು ಬದಲಾಯಿತು. 2016ರ ಆಗಸ್ಟ್‌ನಲ್ಲಿ ವಾಟ್ಸಾಪ್ ತನ್ನ ಷರತ್ತು ಬದಲಿಸಿ, ಬಳಕೆದಾರರ ಫೋನ್ ನಂಬರ್ ಮುಂತಾದ ಮಾಹಿತಿಯನ್ನು ಫೇಸ್‌ಬುಕ್ ಜೊತೆ ಹಂಚಿಕೊಳ್ಳುವುದಾಗಿ ಹೇಳಿತು. ತಪ್ಪು ಮಾಹಿತಿ ಕೊಟ್ಟದ್ದಕ್ಕಾಗಿ ಯೂರೋಪಿಯನ್ ಆಯೋಗ 2017ರ ಮೇ ತಿಂಗಳಲ್ಲಿ ಫೇಸ್‌ಬುಕ್‌ಗೆ 11 ಕೋಟಿ ಯೂರೋ ದಂಡ ಹಾಕಿತು.

2016ರಲ್ಲಿ ಹಳೆಯ ಬಳಕೆದಾರರಿಗೆ, ಜಾಹೀರಾತಿನ ಉದ್ದೇಶಕ್ಕೆ ತಮ್ಮ ಮಾಹಿತಿ ಕೊಡುವುದು ಬೇಡ ಎನ್ನಲು 30 ದಿನಗಳ ಅವಕಾಶವಾದರೂ ಇತ್ತು. 2021ರ ಜನವರಿಯಲ್ಲಿ ಬಂದ ಹೊಸ ಷರತ್ತಿನಲ್ಲಿ ಅದೂ ಇರಲಿಲ್ಲ. ಫೆಬ್ರವರಿ 8ರೊಳಗೆ ಒಪ್ಪಬೇಕು, ಇಲ್ಲವೇ ವಾಟ್ಸಾಪ್ ಬಿಡಬೇಕು ಎಂಬ ಧಾಟಿಯ ಸೂಚನೆ ಕೋಟ್ಯಂತರ ಮೊಬೈಲ್‌ಗಳಿಗೆ ಬಂತು. ಜನರ ವಿರೋಧ ಹೆಚ್ಚಾದ ಮೇಲೆ ಗಡುವು ಮೇ 15ಕ್ಕೆ ಹೋಯಿತು.

ಕಂಪನಿಗೆ ತಿಳಿಯುವುದೇನು?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳಬೇಕು. ‘ವಾಟ್ಸಾಪ್‌ನವರು ಎಲ್ಲ ಸಂದೇಶಗಳನ್ನೂ ಓದುತ್ತಾರೆ’ ಎಂಬ ಸುದ್ದಿ ಆಗ ವಾಟ್ಸಾಪ್‌ನಲ್ಲೇ ಹರಿದಾಡಿತು. ಅದು ನಿಜವಲ್ಲ. 2016ರ ಏಪ್ರಿಲ್‌ನಿಂದ ವೈಯಕ್ತಿಕ ಸಂದೇಶಗಳಿಗೆ ಗೂಢಲಿಪಿಯ ರಕ್ಷಣೆ ಇದೆ. ಕಳುಹಿಸಿದವರು ಮತ್ತು ಪಡೆದವರನ್ನು ಬಿಟ್ಟರೆ ನಡುವೆ ಯಾರೂ ಅವನ್ನು ಓದಲಾಗದು.

ಲಕೋಟೆಯೊಳಗಿನ ಕಾಗದ ಭದ್ರವಾಗಿದ್ದರೂ ಲಕೋಟೆಯ ಮೇಲಿನ ವಿಳಾಸ ಎಲ್ಲರಿಗೂ ಕಾಣುತ್ತದಲ್ಲವೇ? ಹಾಗೆಯೇ ಯಾವ ನಂಬರು, ಯಾವ ಫೋನು, ಯಾವ ಗುಂಪು, ಎಷ್ಟು ಹೊತ್ತಿಗೆ ಬಳಕೆ, ಯಾವ ವ್ಯಾಪಾರ ಸಂಸ್ಥೆಯ ಜೊತೆ ವ್ಯವಹಾರ ಎಂಬ ಹೊರಗಿನ ಮಾಹಿತಿ ಕಂಪನಿಗೆ ದೊರೆಯುತ್ತದೆ. ಊರಿನ ಯಾವ ಮನೆಗೆ ಯಾರು, ಎಷ್ಟು ಸಲ ಬಂದು ಹೋಗುತ್ತಾರೆ ಎಂಬುದು ಗೊತ್ತಿದ್ದವನಿಗೆ ಒಳಗಿನ ಮಾತು ಕೇಳದಿದ್ದರೂ ಅರ್ಧ ವಿಷಯ ತಿಳಿದಂತೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನ ಮಾಹಿತಿಯ ಜೊತೆ ಇದನ್ನು ಸೇರಿಸಿದರೆ ಜಾಹೀರಾತುದಾರರಿಗೆ ಬೇಕಾದ ಗಿರಾಕಿಯನ್ನು ಹುಡುಕಿಕೊಡುವುದು ಸುಲಭ. ಬೆಲೆ ಸಂದಾಯವಾಗುವುದು ಈ ರೂಪದಲ್ಲಿ. 2025ರ ಜೂನ್‌ನಲ್ಲಿ ವಾಟ್ಸಾಪ್‌ನ ಸ್ಟೇಟಸ್ ಇರುವ ಭಾಗಕ್ಕೂ ಜಾಹೀರಾತು ತರುವುದಾಗಿ ಮೆಟಾ ಪ್ರಕಟಿಸಿತು.

ದಂಡದ ಲೆಕ್ಕ

ಸ್ಪರ್ಧಾ ಆಯೋಗ 2021ರ ಮಾರ್ಚ್‌ನಲ್ಲಿ ಸ್ವಯಂಪ್ರೇರಿತವಾಗಿ ತನಿಖೆಗೆ ಆದೇಶಿಸಿತು. 2024ರ ನವೆಂಬರ್ 18ರಂದು ತೀರ್ಪು ಬಂತು. ಒಪ್ಪು ಇಲ್ಲವೇ ಬಿಡು ಎನ್ನುವುದು ಪ್ರಬಲ ಸ್ಥಾನದ ದುರುಪಯೋಗ ಎಂದು ಆಯೋಗ ಹೇಳಿ, 213.14 ಕೋಟಿ ರೂಪಾಯಿ ದಂಡ ವಿಧಿಸಿತು. ಜಾಹೀರಾತಿಗಾಗಿ ಮಾಹಿತಿ ಹಂಚಿಕೊಳ್ಳುವುದನ್ನು 5 ವರ್ಷ ನಿಷೇಧಿಸಿತು.

213 ಕೋಟಿ ಎಂದರೆ ದೊಡ್ಡ ಮೊತ್ತವೆನಿಸುತ್ತದೆ. ಆದರೆ 2024ರಲ್ಲಿ ಮೆಟಾದ ಒಟ್ಟು ಆದಾಯ ಸುಮಾರು 16,450 ಕೋಟಿ ಡಾಲರ್. ಆಗಿನ ಡಾಲರ್ ದರದಲ್ಲಿ ಲೆಕ್ಕ ಹಾಕಿದರೆ ದಂಡದ ಹಣ ಆ ಕಂಪನಿಯ ಒಂದೂವರೆ ಗಂಟೆಯ ವ್ಯಾಪಾರಕ್ಕಿಂತ ಕಡಿಮೆ. ಆದ್ದರಿಂದ ಕಂಪನಿಗೆ ನಿಜವಾಗಿ ಬಿಸಿ ಮುಟ್ಟಿಸುವಂಥದ್ದು ನಿಷೇಧದ ಭಾಗವೇ ಆಗಿತ್ತು.

ಮೆಟಾ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ ಹೋಯಿತು. 2025ರ ಜನವರಿಯಲ್ಲಿ ನಿಷೇಧಕ್ಕೆ ತಡೆ ಸಿಕ್ಕಿತು. ನವೆಂಬರ್ 4ರ ತೀರ್ಪಿನಲ್ಲಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, 5 ವರ್ಷದ ನಿಷೇಧವನ್ನು ತೆಗೆದುಹಾಕಿತು. ಬಳಕೆದಾರರಿಗೆ ವಿವರ ತಿಳಿಸಬೇಕು, ಬೇಡವೆನ್ನುವ ಆಯ್ಕೆ ಕೊಡಬೇಕು ಎಂಬ ನೀತಿಯನ್ನು ಉಳಿಸಿತು. ಜನರ ಕೈಗೆ ಆಯ್ಕೆ ಬಂದರೆ ನಿಷೇಧದ ಅಗತ್ಯವಿಲ್ಲ ಎಂಬುದು ಇದರ ಹಿಂದಿನ ವಿಚಾರ. ವಿಚಾರ ಸರಿಯಾದದ್ದೇ. ಆದರೆ ಆ ಆಯ್ಕೆ ಸೆಟ್ಟಿಂಗ್‌ನ ಯಾವುದೋ ಮೂಲೆಯಲ್ಲಿ, ಇಂಗ್ಲಿಷ್‌ನಲ್ಲಿ ಅಡಗಿ ಕುಳಿತರೆ ಹಳ್ಳಿಯ ಅಂಗಡಿಯವನಿಗೆ ಅದರಿಂದ ಏನು ಪ್ರಯೋಜನ?

ಬಿಟ್ಟು ಹೋಗುವುದು ಏಕೆ ಕಷ್ಟ?

2021ರಲ್ಲಿ ಬಹಳ ಮಂದಿ ಸಿಗ್ನಲ್, ಟೆಲಿಗ್ರಾಮ್ ಹಾಕಿಕೊಂಡರು. ಅಲ್ಲಿ ಹೋಗಿ ನೋಡಿದರೆ ಗಿರಾಕಿಗಳಿಲ್ಲ, ಬಂಧುಗಳಿಲ್ಲ, ಶಾಲೆಯ ಗುಂಪಿಲ್ಲ. ಅನೇಕರು ವಾಟ್ಸಾಪ್ ಬಿಡಲಾಗಲಿಲ್ಲ. ಸಂತೆ ಸೇರುವ ಕಡೆಗೇ ಜನ ಹೋಗಬೇಕಾಗುತ್ತದೆ. ಸಂತೆಯ ಜಾಗವೆಲ್ಲ ಒಬ್ಬನದೇ ಆದಾಗ ಸುಂಕ ಎಷ್ಟು ಎಂದು ಅವನೇ ಹೇಳುತ್ತಾನೆ.

ಸಾಮಾನ್ಯ ಫೋನ್ ಕರೆಯಲ್ಲಿ ಈ ತೊಂದರೆ ಇಲ್ಲ. ಒಂದು ಕಂಪನಿಯ ಸಿಮ್ ಇರುವವರು ಮತ್ತೊಂದು ಕಂಪನಿಯವರಿಗೆ ಕರೆ ಮಾಡಬಹುದು. 2011ರ ಜನವರಿಯಿಂದ ದೇಶಾದ್ಯಂತ ನಂಬರ್ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯವೂ ಬಂದಿದೆ. ಗ್ರಾಹಕ ಬಿಟ್ಟು ಹೋದಾನು ಎಂಬ ಅಂಜಿಕೆ ಇದ್ದರೆ ಮಾತ್ರ ಮಾರುವವನು ಮರ್ಯಾದೆಯಿಂದ ನಡೆದುಕೊಳ್ಳುತ್ತಾನೆ. ಯೂರೋಪಿನಲ್ಲಿ 2024ರ ಮಾರ್ಚ್‌ನಿಂದ ಪೂರ್ಣವಾಗಿ ಜಾರಿಗೆ ಬಂದ ಡಿಜಿಟಲ್ ಮಾರುಕಟ್ಟೆ ಕಾಯಿದೆ ಇದೇ ದಾರಿ ಹಿಡಿದಿದೆ. ಬೇರೆ ಸಂದೇಶ ಸೇವೆಗಳು ಕೇಳಿದರೆ ವಾಟ್ಸಾಪ್ ಅವುಗಳೊಂದಿಗೆ ಸಂದೇಶ ವಿನಿಮಯಕ್ಕೆ ಬಾಗಿಲು ತೆರೆಯಬೇಕು. ಭಾರತದಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚ್‌ನಲ್ಲೇ ಪ್ರಕಟವಾದರೂ ಅದು ಕಾಯಿದೆಯಾಗಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅನಂತರ 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಕೊಡಲಾಗಿದೆ.

ಕುಟುಂಬಗಳು, ಸಂಸ್ಥೆಗಳು ಮಾಡಬಹುದಾದದ್ದು

ಕಾಯಿದೆ ಬರುವವರೆಗೆ ಕಾಯಬೇಕಾಗಿಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಕಂಪನಿಯ ಒಳಗಿನ ಒಂದು ತಪ್ಪಿನಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಸುಮಾರು 6 ಗಂಟೆ ನಿಂತುಹೋದವು. ಆ ರಾತ್ರಿ ಯಾರದಾದರೂ ಮನೆಯಲ್ಲಿ ತುರ್ತು ಸುದ್ದಿ ಇದ್ದಿದ್ದರೆ, ಬಂಧುಗಳ ನಂಬರು ಬೇರೆ ಕಡೆ ಬರೆದಿಟ್ಟುಕೊಂಡವರಿಗೆ ಮಾತ್ರ ತಿಳಿಸಲು ಸುಲಭವಾಗುತ್ತಿತ್ತು.

ಸಂಘ-ಸಂಸ್ಥೆಗಳು ಸದಸ್ಯರ ಹೆಸರು, ವಿಳಾಸ, ಫೋನ್ ನಂಬರಿನ ಪಟ್ಟಿಯನ್ನು ಪುಸ್ತಕದಲ್ಲಿ ಇಟ್ಟುಕೊಳ್ಳಬೇಕು. ಲೆಕ್ಕಪತ್ರ, ಸಭೆಯ ನಿರ್ಣಯಗಳಿಗೆ ವಾಟ್ಸಾಪ್ ಗುಂಪೇ ದಾಖಲೆಯಾಗಬಾರದು. ಮುಖ್ಯ ಸೂಚನೆಗಳನ್ನು ಎಸ್ಎಂಎಸ್ ಮೂಲಕವೂ, ಸೂಚನಾ ಫಲಕದಲ್ಲಿಯೂ ತಿಳಿಸುವ ರೂಢಿ ಉಳಿಯಲಿ. ವ್ಯಾಪಾರಿಗಳು ಮುಖ್ಯ ಆರ್ಡರ್ ಮತ್ತು ರಸೀದಿಗಳ ಪ್ರತಿಯನ್ನು ಬೇರೆ ಕಡೆ ತೆಗೆದಿಡುವುದು ಒಳ್ಳೆಯದು.

ಆಧಾರ್ ಪ್ರತಿ, ಬ್ಯಾಂಕ್ ವಿವರ, ಮಗಳ ಜಾತಕ ಮತ್ತು ಫೋಟೋಗಳನ್ನು ನೂರಾರು ಜನರಿರುವ ಗುಂಪಿಗೆ ಹಾಕದೆ, ಸಂಬಂಧಪಟ್ಟವರಿಗೆ ಮಾತ್ರ ಕಳುಹಿಸಬೇಕು. ಗುಂಪಿಗೆ ಹೋದದ್ದು ಯಾರ ಕೈ ಸೇರುತ್ತದೋ ಹೇಳಲಾಗದು. ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲ, ಎಚ್ಚರ ವಹಿಸಬೇಕಾದವರು ಮನೆಯವರೇ.

ವಾಟ್ಸಾಪ್‌ನಿಂದ ಆಗಿರುವ ಉಪಕಾರ ಸಣ್ಣದಲ್ಲ. ದೂರದ ಅಮೆರಿಕದಲ್ಲಿರುವ ಮಗನ ಮುಖವನ್ನು ಹಳ್ಳಿಯ ತಾಯಿ ದಿನಾ ನೋಡುವಂತಾಗಿದೆ. ಅದನ್ನು ಬಿಟ್ಟುಬಿಡಿ ಎಂದು ಯಾರೂ ಹೇಳಬೇಕಾಗಿಲ್ಲ. ಬಳಸುವವರಿಗೆ ಬೇಡವೆನ್ನುವ ಹಕ್ಕು, ಬಿಟ್ಟು ಹೋಗುವ ದಾರಿ ಎರಡೂ ಇರಬೇಕು. ಹೊಸ ಷರತ್ತಿನ ಸೂಚನೆ ಮತ್ತೆ ಮೊಬೈಲಿಗೆ ಬಂದಾಗ ‘ಒಪ್ಪಿದೆ’ ಎಂದು ಒತ್ತುವ ಮುನ್ನ ಮನೆಯ ಓದುಬರಹ ಬಲ್ಲ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಒಮ್ಮೆ ಓದಿಸಿ ಕೇಳಿ. ಅಂಗಡಿಯಲ್ಲಿ ಓದದೆ ಯಾವ ಕಾಗದಕ್ಕೂ ಸಹಿ ಹಾಕದವರು ಮೊಬೈಲಿನಲ್ಲೂ ಅದೇ ಪದ್ಧತಿ ಪಾಲಿಸುವುದು ಒಳಿತು.