ಎದೆಯೊಳಗಿನ ಯಂತ್ರಕ್ಕೂ ಬೆಲೆಯ ಕಟ್ಟು ಬೇಕು

ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ತೆರೆಯಿತು. ಎದೆಬೇನೆ ಬಂದರೆ ಸೊಲ್ಲಾಪುರ, ಹೈದರಾಬಾದಿನ ದಾರಿ ಹಿಡಿಯುತ್ತಿದ್ದ ಯಡ್ರಾಮಿ, ಜೇವರ್ಗಿ, ಅಫಜಲಪುರದ ಬಡವರಿಗೆ ಇದು ಸಣ್ಣ ಮಾತಲ್ಲ. ಆದರೆ ಎದೆಯಲ್ಲಿ ಯಂತ್ರ ಕೂಡಿಸಿದರೆ ಎಲ್ಲ ಹೃದಯಬೇನೆಯೂ ಹೋಯಿತೆಂದು ನಂಬಿ ಹೊಲ ಅಡವಿಡಲು ಹೊರಡುವವರಿಗೆ ನಾವು ಎರಡು ಮಾತು ಹೇಳಬೇಕಾಗಿದೆ.

ಡಿಫಿಬ್ರಿಲೇಟರ್ ಎಂಬ ಈ ಯಂತ್ರವನ್ನು ಮನುಷ್ಯನ ಮೈಯಲ್ಲಿ ಮೊದಲು ಕೂಡಿಸಿದ್ದು 1980ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ಹೃದಯದ ಕೆಳಕೋಣೆಗಳು ಲಯ ತಪ್ಪಿ, ಮನುಷ್ಯ ನಿಂತಲ್ಲೇ ಕುಸಿಯುವ ಹೊತ್ತಿನಲ್ಲಿ ಅದು ವಿದ್ಯುತ್ತಿನ ಪೆಟ್ಟು ಕೊಟ್ಟು ಪ್ರಾಣ ಉಳಿಸುತ್ತದೆ. ಹೃದಯ ತೀರ ಸೋತವರಲ್ಲಿ ಹಲವರಿಗೆ ಅದು ಬೇಕೇ ಬೇಕು. ಆದರೆ ಏಟ್ರಿಯಲ್ ಫಿಬ್ರಿಲೇಶನ್ ಎಂಬುದು ಮೇಲುಕೋಣೆಗಳ ನಡುಕ. ಅದಕ್ಕೆ ಇದು ಮದ್ದಲ್ಲ. ಮೇಲುಕೋಣೆಗೂ ತಾನೇ ಪೆಟ್ಟು ಕೊಡುವ ಯಂತ್ರವನ್ನು 1990ರ ದಶಕದಲ್ಲಿ ಮಾಡಿ ನೋಡಿದರು. ಪೆಟ್ಟಿನ ನೋವು ರೋಗಿಗಳಿಗೆ ತಾಳಲಾಗಲಿಲ್ಲ, ಅದು ಬಳಕೆಗೆ ನಿಲ್ಲಲಿಲ್ಲ. ಅಷ್ಟೇ ಅಲ್ಲ, ಈ ನಡುಕದಿಂದ ನಾಡಿ ಓಡತೊಡಗಿದಾಗ ಯಂತ್ರ ಮೋಸಹೋಗಿ ಬೇಡದ ಪೆಟ್ಟು ಕೊಡುವುದೂ ಉಂಟು.

ಈ ನಡುಕದ ದೊಡ್ಡ ಅಪಾಯ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೇರುವುದು, ಅಂದರೆ ಲಕ್ವಾ. ಅದನ್ನು ತಡೆಯುವ ವಾರ್ಫರಿನ್ ಗುಳಿಗೆ ಅಗ್ಗ. ದುಬಾರಿಯಾದದ್ದು ಗುಳಿಗೆಯಲ್ಲ, ಮತ್ತೆಮತ್ತೆ ರಕ್ತ ಪರೀಕ್ಷೆಗೆಂದು ಯಡ್ರಾಮಿಯಿಂದ ಕಲಬುರಗಿಗೆ ಹೋಗುವ ಬಸ್ಸಿನ ಚಾರ್ಜು, ಕಳೆದುಹೋಗುವ ದಿನಗೂಲಿ. ಹಮಾಲಿ ಮಾಡುವವನು ಎಷ್ಟು ಸಲ ಮಿಲ್ಲು ಬಿಟ್ಟು ಹೋದಾನು? ಆ ಪರೀಕ್ಷೆ ಯಡ್ರಾಮಿಯಲ್ಲೇ, ಪುಕ್ಕಟೆಯಾಗಿ, ತಪ್ಪದೆ ನಡೆಯಬೇಕು. ತಾಲೂಕು ಎಂದು ಬೋರ್ಡು ಹಾಕಿದರೆ ಸಾಲದು.

ಇನ್ನು ಯಂತ್ರ ನಿಜವಾಗಿ ಬೇಕಾದವರ ಮಾತು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು. ಅದಕ್ಕೆ ಮೊದಲು ಅದೇ ವಸ್ತುವನ್ನು ಲಕ್ಷಕ್ಕೂ ಮೇಲೆ ಮಾರುತ್ತಿದ್ದರು. ಕಂಪನಿಗಳು ಗೊಣಗಿದವು, ಆದರೆ ಸ್ಟೆಂಟು ಪೇಟೆಯಿಂದ ಮಾಯವಾಗಲಿಲ್ಲ. ಹಲವು ಲಕ್ಷ ಬೀಳುವ ಈ ಯಂತ್ರಕ್ಕೆ ಅಂಥ ಮಿತಿಯಿಲ್ಲ. ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಬೆಲೆ ಏರಿಸಬಾರದೆಂಬ ಕಟ್ಟಳೆಯೇನೋ ಇದೆ. ಮೊದಲ ಬೆಲೆ ಮಾತ್ರ ಕಂಪನಿಯ ಇಷ್ಟ! ಬೇಳೆಯ ಅಂಗಡಿಯವನಿಗಾದರೂ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಸ್ಟೆಂಟಿಗೆ ಹಾಕಿದ ಮಿತಿಯನ್ನು ಇದಕ್ಕೂ ಹಾಕಬೇಕೆಂದು ನಾವು ಒತ್ತಾಯಿಸುತ್ತೇವೆ. ಯಂತ್ರದ ಬ್ಯಾಟರಿ ಕೆಲವು ವರ್ಷಗಳಲ್ಲಿ ತೀರುತ್ತದೆ, ಆಗ ಯಂತ್ರವನ್ನೇ ಬದಲಿಸಬೇಕು. ಮೊದಲ ಸಲ ಹೊಲ ಮಾರಿದವನು ಎರಡನೆಯ ಸಲ ಏನು ಮಾರಬೇಕೆಂಬುದಕ್ಕೆ ಸರಕಾರ ಉತ್ತರ ಕೊಡಲಿ.